ಮುಚ್ಚಿಟ್ಟ ಮಾತಿನ ಬೆಲೆ

ನಮ್ಮ ಭಾಷೆಯಲ್ಲಿ ಬಂಜೆ ಎಂಬ ಶಬ್ದವಿದೆ. ಮಕ್ಕಳಾಗದ ಗಂಡಸಿಗೆ ಅಷ್ಟೇ ಸಲೀಸಾಗಿ ಬಾಯಿಗೆ ಬರುವ ಶಬ್ದ ಯಾವುದಿದೆ, ನೀವೇ ಹೇಳಿ. ಇಲ್ಲ. ಶಬ್ದವಿಲ್ಲದ ಕಡೆ ದೋಷವೂ ಇಲ್ಲವೆಂದು ನಾವು ತಿಳಿದುಬಿಟ್ಟಿದ್ದೇವೆ.

ನನ್ನ ಅತ್ತಿಗೆ ಎಂಟು ವರ್ಷ ಆ ಶಬ್ದವನ್ನು ಹೊತ್ತರು. ಅಶ್ವತ್ಥಕಟ್ಟೆ ಸುತ್ತಿದರು, ನಾಗಪ್ರತಿಷ್ಠೆ ಮಾಡಿಸಿದರು, ಎರಡು ಸಲ ಡಿ ಅಂಡ್ ಸಿ ಮಾಡಿಸಿಕೊಂಡರು. ಅಣ್ಣನನ್ನು ಪರೀಕ್ಷಿಸುವ ಮಾತೆತ್ತಿದರೆ, "ನಮ್ಮ ಹುಡುಗನಿಗೇನು ಧಾಡಿ?" ಎಂದು ಅಮ್ಮ ಸಿಡುಕುತ್ತಿದ್ದರು. ನನ್ನ ಸೀಮಂತದ ದಿನ ಆರತಿ ತಟ್ಟೆಯನ್ನು ಅತ್ತಿಗೆಯ ಕೈಗೆ ಕೊಡದೆ ಪಕ್ಕದ ಮನೆಯವರಿಗೆ ಕೊಟ್ಟರು. ಓದಿದವಳಾದ ನಾನು ಹಸೆಯ ಮೇಲೆ ಕೂತು ಸುಮ್ಮನೆ ನೋಡಿದೆ.

ಒಂಬತ್ತನೆಯ ವರ್ಷ ಅಣ್ಣ ಪರೀಕ್ಷೆಗೆ ಒಪ್ಪಿದ. ವೀರ್ಯದಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ. ಹುಟ್ಟಿದಾಗಿನಿಂದ ಅವನ ಎರಡು ವೃಷಣಗಳೂ ಚೀಲಕ್ಕೆ ಇಳಿದಿರಲೇ ಇಲ್ಲ. ಆಗ ಅಮ್ಮ ಅಳುತ್ತಾ ಹೇಳಿದರು: "ಎಣ್ಣೆನೀರು ಹಾಕುವಾಗಲೇ ನಿನ್ನ ಅಜ್ಜಿ ನೋಡಿದ್ದರು ಕಣೇ. ದೊಡ್ಡವನಾದ ಮೇಲೆ ತಾನೇ ಇಳಿಯುತ್ತೆ, ಯಾರ ಹತ್ತಿರವೂ ಬಾಯಿಬಿಡಬೇಡ ಅಂದರು."

ಇದೇನು ಅಪರೂಪದ್ದಲ್ಲ. ತಿಂಗಳು ತುಂಬಿ ಹುಟ್ಟುವ 100 ಗಂಡುಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಒಂದೋ ಎರಡೋ ವೃಷಣ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಬಹಳಷ್ಟು ಮಕ್ಕಳಲ್ಲಿ 6 ತಿಂಗಳೊಳಗೆ ತಾನೇ ಇಳಿಯುತ್ತದೆ. ಆಮೇಲೂ ಕಾಯುತ್ತಾ ಕೂರುವುದು ತಪ್ಪು. ವೃಷಣಕ್ಕೆ ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಒಳಗಿನ ಕಾವಿನಲ್ಲಿ ವೀರ್ಯಾಣು ಹುಟ್ಟಿಸುವ ಜೀವಕೋಶಗಳು ವರ್ಷ ಕಳೆದಂತೆ ಕಡಿಮೆಯಾಗುತ್ತವೆ. ಅದಕ್ಕೇ 6ರಿಂದ 18 ತಿಂಗಳ ಒಳಗೆ ಶಸ್ತ್ರಚಿಕಿತ್ಸೆ ಮಾಡಿ ಇಳಿಸಬೇಕೆನ್ನುತ್ತಾರೆ ವೈದ್ಯರು. ಒಂದೇ ಕಡೆಯದಾದರೆ ಮುಂದೆ ತಂದೆಯಾಗುವುದಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಎರಡೂ ಕಡೆಯದಾದರೆ ಆ ಸಾಧ್ಯತೆ ಬಹಳ ತಗ್ಗುತ್ತದೆ. ಹಾಗೇ ಬಿಟ್ಟರೆ ಕ್ಯಾನ್ಸರಿನ ಅಪಾಯವೂ ಹೆಚ್ಚು.

"ಗಂಡಸರ ವಿಷಯ, ಹೆಂಗಸರಿಗೇಕೆ?" ಎನ್ನುವವರಿದ್ದಾರೆ. ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವವರು ಯಾರು? ನಾವೇ ಅಲ್ಲವೆ? ಚಳಿಗೆ ಮೇಲೆ ಸರಿದ ವೃಷಣ ಬಿಸಿನೀರಿಗೆ ಕೆಳಗಿಳಿಯುತ್ತದೆ. ಆಗಲೂ ಚೀಲ ಬರಿದಾಗಿ ಕಂಡರೆ ನಾಚಿಕೆ ಬಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ದೋಷದ ಪಾಲೂ ಇರುತ್ತದೆ. ಗಂಡಿನ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ. ಹಾಗಿದ್ದೂ ಸೊಸೆಯನ್ನೇ ಮೊದಲು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸುತ್ತೇವಲ್ಲ, ಇದು ಯಾವ ನ್ಯಾಯ?

ಅಮ್ಮ ಮಗನ ಮಾನ ಉಳಿಸಿದೆನೆಂದುಕೊಂಡರು. ಈಗ ನಮ್ಮ ಮನೆಯ ಶುಭಕಾರ್ಯಗಳಲ್ಲಿ ಮೊದಲ ಆರತಿ ಎತ್ತುವವರು ಅತ್ತಿಗೆಯೇ. ಅದರಿಂದ ಅವರ ಆ ವರ್ಷಗಳು ತಿರುಗಿ ಬಂದಾವೆ?