ಪರರ ಮುದ್ರೆಯಿಂದ ಸರಕಾರವಾಗದು

ಮನೆಯ ಯಜಮಾನಿಕೆಗಾಗಿ ದಾಯಾದಿಗಳಲ್ಲಿ ಕಲಹ ಹುಟ್ಟಿದಾಗ ನೆರೆಯವನು ಮಾಡತಕ್ಕದ್ದೇನು? ಸಾಧ್ಯವಾದರೆ ಸಂಧಾನ, ಇಲ್ಲವಾದರೆ ಮೌನ. ಅದನ್ನು ಬಿಟ್ಟು ತನಗೆ ಬೇಕಾದವನನ್ನೇ ಯಜಮಾನನೆಂದು ಬೀದಿಯಲ್ಲಿ ಸಾರಿ, ಆ ಮನೆಯವರು ತನ್ನಲ್ಲಿಟ್ಟ ಒಡವೆಯನ್ನೂ ತಡೆಹಿಡಿದರೆ ಅವನನ್ನು ನ್ಯಾಯವಂತನೆಂದು ಯಾರೂ ಹೇಳರು. ವ್ಯಕ್ತಿಗೆ ಸಲ್ಲದ ಈ ನಡತೆಯು ರಾಷ್ಟ್ರಗಳಿಗೆ ಹೇಗೆ ಸಲ್ಲುವದು?

ದಕ್ಷಿಣ ಅಮೇರಿಕೆಯ ವೆನೆಜುವೇಲಾ ದೇಶದ ವೃತ್ತಾಂತವನ್ನು ನೋಡಿರಿ. 2018ರ ಮೇ 20ರ ಅಧ್ಯಕ್ಷ ಚುನಾವಣೆಯಲ್ಲಿ ಪ್ರಮುಖ ವಿರೋಧಿ ನಾಯಕರಿಗೆ ಸ್ಪರ್ಧಿಸುವ ಅವಕಾಶವೇ ಇರಲಿಲ್ಲ. ವಿರೋಧಪಕ್ಷಗಳಲ್ಲಿ ಮುಖ್ಯವಾದವು ಅದನ್ನು ಬಹಿಷ್ಕರಿಸಿದವು. ಅಂಥ ಚುನಾವಣೆಯ ಬಲದಿಂದ ನಿಕೊಲಾಸ್ ಮಾದುರೋ ಅವರು 2019ರ ಜನವರಿ 10ರಂದು ಎರಡನೆಯ ಸಲ ಅಧಿಕಾರ ಸ್ವೀಕರಿಸಿದರು. ಇದನ್ನು ಜನಸಮ್ಮತಿಯೆಂದು ನಾವೆಂದೂ ಸಮರ್ಥಿಸಲಾರೆವು. ಅದೇ ತಿಂಗಳ 23ರಂದು ರಾಷ್ಟ್ರಸಭೆಯ ಅಧ್ಯಕ್ಷರಾದ ಹುವಾನ್ ಗ್ವಾಯ್ಡೋ ಅವರು ರಾಜ್ಯಘಟನೆಯ 233ನೆಯ ಕಲಮನ್ನು ಆಧಾರವಾಗಿಟ್ಟು, ತಾವೇ ಹಂಗಾಮಿ ರಾಷ್ಟ್ರಾಧ್ಯಕ್ಷರೆಂದು ಘೋಷಿಸಿದರು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳು ಅಂದೇ ಮನ್ನಣೆಯಿತ್ತವು. ಕ್ರಮೇಣ 50ಕ್ಕೂ ಹೆಚ್ಚು ರಾಷ್ಟ್ರಗಳು ಅವುಗಳನ್ನು ಹಿಂಬಾಲಿಸಿದವು. ಆದರೆ ಸೈನ್ಯ, ಪೋಲೀಸು, ಕಚೇರಿಗಳೆಲ್ಲವೂ ಮಾದುರೋ ಅವರ ಕೈಯಲ್ಲಿಯೇ ಉಳಿದವು. ಒಬ್ಬರಿಗೆ ಬಿರುದು, ಇನ್ನೊಬ್ಬರಿಗೆ ದೇಶ!

ಇಂಗ್ಲಂಡದ ನಡತೆಯಂತೂ ಇನ್ನೂ ವಿಚಿತ್ರವಾದದ್ದು. ತಾನು ರಾಜ್ಯಗಳಿಗೆ ಮಾತ್ರ ಮನ್ನಣೆ ಕೊಡುವೆನು, ಸರಕಾರಗಳಿಗಲ್ಲವೆಂದು 1980ರಲ್ಲಿ ಅದು ಲೋಕಕ್ಕೆ ಸಾರಿತ್ತು. 2019ರ ಫೆಬ್ರುವರಿ 4ರಂದು ಆ ಮಾತನ್ನು ಮರೆತು ಗ್ವಾಯ್ಡೋ ಅವರಿಗೆ ಮನ್ನಣೆಯಿತ್ತಿತು. ಆದರೂ ಮಾದುರೋ ಸರಕಾರದೊಡನೆ ರಾಯಭಾರದ ಸಂಬಂಧವನ್ನು ಕಡಿದುಕೊಳ್ಳಲಿಲ್ಲ. ವೆನೆಜುವೇಲಾದ ಸುಮಾರು 31 ಟನ್ನು ಬಂಗಾರವು ಬ್ಯಾಂಕ್ ಆಫ್ ಇಂಗ್ಲಂಡಿನಲ್ಲಿತ್ತು. ಸಾಂಕ್ರಾಮಿಕದ ಪರಿಹಾರಕ್ಕಾಗಿ ಅದು ಬೇಕೆಂದು ಮಾದುರೋ ಪಕ್ಷದ ಕೇಂದ್ರ ಬ್ಯಾಂಕು 2020ರಲ್ಲಿ ದಾವೆ ಹೂಡಿತು. ಮನ್ನಣೆಯ ವಿಷಯದಲ್ಲಿ ಸರಕಾರದ ಮಾತಿಗೆ ನ್ಯಾಯಾಸ್ಥಾನಗಳು ಬದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಬಂಗಾರವು ಮಾದುರೋ ಅವರ ಕೈ ಸೇರಿದ್ದರೆ ದುರ್ವ್ಯಯವಾಗುತ್ತಿತ್ತೆನ್ನುವವರುಂಟು. ಇರಬಹುದು. ಆದರೆ ಹಸಿದ ಪ್ರಜೆಗಳ ಬಂಗಾರಕ್ಕೆ ವಾರಸುದಾರರು ಯಾರೆಂಬುದನ್ನು ಲಂಡನ್ನಿನ ಮಂತ್ರಿಗಳು ನಿಶ್ಚಯಿಸಬೇಕೇ?

ಫಲವೇನಾಯಿತು? 2022ರ ಡಿಸೆಂಬರ 30ರಂದು ವಿರೋಧಪಕ್ಷದ ಪ್ರತಿನಿಧಿಗಳೇ ಸಭೆ ಸೇರಿ, 72 ಮತಗಳಿಂದ, 29 ಮತಗಳ ವಿರೋಧದಲ್ಲಿ, ಆ ಹಂಗಾಮಿ ಸರಕಾರವನ್ನು ವಿಸರ್ಜಿಸಿದರು. ಪರದೇಶೀಯರು ಎತ್ತಿ ಹಿಡಿದ ಪಟ್ಟವನ್ನು ಸ್ವಪಕ್ಷೀಯರೇ ಬಿಚ್ಚಿದರು. ಅಷ್ಟರಲ್ಲಿ 70 ಲಕ್ಷಕ್ಕೂ ಮಿಕ್ಕಿ ಜನರು ದೇಶ ಬಿಟ್ಟು ಹೋಗಿದ್ದರು.

ಹಾಗಾದರೆ ದಬ್ಬಾಳಿಕೆಯನ್ನು ಕಂಡು ಸುಮ್ಮನಿರಬೇಕೇ ಎಂದು ವಾಚಕರು ಕೇಳಬಹುದು. ಬೇಡ. ಮೋಸದ ಚುನಾವಣೆಯನ್ನು ಖಂಡಿಸಿರಿ, ನಿರಾಶ್ರಿತರಿಗೆ ಆಶ್ರಯ ಕೊಡಿರಿ, ಉಭಯಪಕ್ಷಗಳನ್ನು ಮಾತುಕತೆಗೆ ಕೂಡಿಸಿರಿ. ಆಳುವವನೊಡನೆ ವ್ಯವಹರಿಸುವದೆಂದರೆ ಅವನನ್ನು ಹೊಗಳುವದಲ್ಲ. ಪರಸರಕಾರಗಳ ಯೋಗ್ಯತೆಯನ್ನು ತೂಗುವದೇ ಆ ರಾಷ್ಟ್ರಗಳಿಗೆ ಅಪಮಾನವೆಂದು 1930ರಲ್ಲಿಯೇ ಮೆಕ್ಸಿಕೋದ ವಿದೇಶಮಂತ್ರಿ ಹೆನಾರೋ ಎಸ್ತ್ರಾದಾ ಸಾರಿದ್ದರು. ಅದನ್ನು ಮೀರಿದವರು ದಬ್ಬಾಳಿಕೆಗಾರನಿಗೇ ಉಪಕಾರ ಮಾಡುವರು. ತನ್ನ ವಿರೋಧಿಗಳೆಲ್ಲ ಪರದೇಶದ ಕೈಗೊಂಬೆಗಳೆಂದು ಆಡಲು ಅವನಿಗೆ ನೆವ ಸಿಗುವದು. ಗ್ವಾಯ್ಡೋ ಅವರಿಗೆ ಮನ್ನಣೆ ಕೊಡದೆ ಭಾರತವು ದೂರ ನಿಂತದ್ದು ಯೋಗ್ಯವೇ ಆಯಿತು. ಪಟ್ಟ ಕಟ್ಟುವ ಹಕ್ಕೂ ಇಳಿಸುವ ಹಕ್ಕೂ ಆ ನೆಲದ ಪ್ರಜೆಗಳವು. ಆ ಹಕ್ಕನ್ನು ಅವರಿಂದ ಕಸಿದ ಸ್ವದೇಶೀಯನೂ ಅಪರಾಧಿ, ಅವರ ಹೆಸರಿನಲ್ಲಿ ಚಲಾಯಿಸಿದ ಪರದೇಶೀಯನೂ ಅಪರಾಧಿ.