ದಡ ಬಿಟ್ಟ ಮೇಲೆ ತೆರೆಯದ ಪುಸ್ತಕ

ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಬದುಕಲು ಹೊರಟವರು ಯಾವ ಲ್ಯಾಪ್‌ಟಾಪ್ ಒಯ್ಯಬೇಕು, ಯಾವ ಟ್ಯಾಬ್ಲೆಟ್ ಬಾಳಿಕೆ ಬರುತ್ತದೆ ಎಂದು ಕೇಳಿ ನೋಡಿ. ಸಿಗುವ ಉತ್ತರಗಳಲ್ಲಿ ಎರಡು ಜಾತಿ. ಒಂದು ಅಂಗಡಿಯವನ ಉತ್ತರ: ದೊಡ್ಡ ಪರದೆ, ವೇಗದ ಚಿಪ್ಪು, ಮೇಲೊಂದು ಉಪಗ್ರಹ ಡಿಶ್, ಮನೆಯಲ್ಲಿದ್ದುದೆಲ್ಲ ನೀರಿನ ಮೇಲೂ ಸಿಗುತ್ತದೆ. ಇನ್ನೊಂದು ಸನ್ಯಾಸಿಯ ಉತ್ತರ: ಸಮುದ್ರಕ್ಕೆ ಹೋಗುವುದೇ ಇವುಗಳಿಂದ ತಪ್ಪಿಸಿಕೊಳ್ಳಲು, ಏನೂ ಒಯ್ಯಬೇಡಿ, ನಕ್ಷತ್ರ ನೋಡಿ. ಎರಡೂ ತಪ್ಪು ಎನ್ನುವುದು ನನ್ನ ವಾದ. ಇಬ್ಬರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳುವುದಿಲ್ಲ.

ಸನ್ಯಾಸಿಗಳ ವಿಷಯ ಬೇಗ ಮುಗಿಸಿಬಿಡೋಣ. ಅವರು ಎತ್ತುವ ಹೆಸರುಗಳು 1968ರ ಗೋಲ್ಡನ್ ಗ್ಲೋಬ್ ಪಂದ್ಯದವು. ಆಗ ಬಾಂಬೆಯಲ್ಲೇ ಕಟ್ಟಿದ ತೇಗದ ದೋಣಿ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್ಸ್ಟನ್ 312 ದಿನ ಒಬ್ಬರೇ ಭೂಮಿ ಸುತ್ತಿದರು, ನಡುವೆ ರೇಡಿಯೋ ಕೆಟ್ಟು ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. ಅದೇ ಪಂದ್ಯದ ಬರ್ನಾರ್ ಮೊಯ್ಟೆಸಿಯೇ ರೇಡಿಯೋವನ್ನೇ ಒಲ್ಲದೆ, ಚೀಟಿಗಳನ್ನು ಕವಣೆಯಿಂದ ಹಡಗುಗಳ ಮೇಲೆ ಹೊಡೆಯುತ್ತಿದ್ದರು. ಕತೆ ಚೆನ್ನಾಗಿದೆ. ಆದರೆ 2018ರಲ್ಲಿ ಅದೇ ಪಂದ್ಯವನ್ನು ಹಳೆಯ ಕಾಲದ ನಿಯಮಗಳಲ್ಲಿ ಮತ್ತೆ ನಡೆಸಿದಾಗ ಏನಾಯಿತು ನೋಡಿ. ದಾರಿಗೆ ಸೆಕ್ಸ್ಟಂಟ್, ಹಾಡು ಬೇಕಿದ್ದರೆ ಕ್ಯಾಸೆಟ್, ಜಿಪಿಎಸ್ ಮುದ್ರೆ ಹಾಕಿದ ಪೆಟ್ಟಿಗೆಯಲ್ಲಿ. ಇಷ್ಟು ಮಡಿ ಇದ್ದವರೂ ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸುವ ಸಾಧನವೊಂದನ್ನು ಎಲ್ಲ ಸ್ಪರ್ಧಿಗಳಿಗೂ ಕೊಟ್ಟಿದ್ದರು. ಆ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅಭಿಲಾಷ್ ಟೋಮಿಯವರ ದೋಣಿ ಮಗುಚಿ, ಹಾಯಿಕಂಬ ಮುರಿದು, ಅವರ ಬೆನ್ನು ಮುರಿದಾಗ ಹೊರಗೆ ಬಂದದ್ದು ಅದರ ನಾಲ್ಕೈದು ಶಬ್ದಗಳ ಸಂದೇಶಗಳು. ಫ್ರಾನ್ಸಿನ ಗಸ್ತು ನೌಕೆ ಅವರನ್ನು ಎತ್ತಿಕೊಂಡಿತು. ನಕ್ಷತ್ರ ನೋಡಿ ಎನ್ನುವವರು ಇದನ್ನೂ ನೋಡಲಿ.

(ಇಲ್ಲೊಂದು ಎಚ್ಚರಿಕೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಥುರಾಯ, ಇರಿಡಿಯಂ ಫೋನುಗಳನ್ನು ಭಾರತದಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ವಿದೇಶದ ಪಟ್ಟಿ ನೋಡಿ ತರಿಸಿಕೊಂಡು ಪೊಲೀಸ್ ಠಾಣೆಯಲ್ಲಿ ಕೂರಬೇಡಿ.)

ಇನ್ನು ಅಂಗಡಿಯವನು. ಇವನ ಜೊತೆ ಲೆಕ್ಕ ಹಾಕಬೇಕು. ಚಿಕ್ಕ ದೋಣಿಯಲ್ಲಿರುವುದು 12 ವೋಲ್ಟಿನ ಬ್ಯಾಟರಿ. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಸಿಯುತ್ತದೆ. ಅಂದರೆ ಕೈಗೆ ಸಿಗುವುದು ಸುಮಾರು 600 ವ್ಯಾಟ್-ಅವರ್. ಅದರಲ್ಲೇ ದೀಪ, ರೇಡಿಯೋ, ಪಂಪು, ಫ್ರಿಜ್. 50 ವ್ಯಾಟಿನ ಲ್ಯಾಪ್‌ಟಾಪಿನಲ್ಲಿ ಆರು ಗಂಟೆ ಕೆಲಸ ಮಾಡಿದರೆ 300 ಹೋಯಿತು. 75 ವ್ಯಾಟ್ ಎಳೆಯುವ ಡಿಶ್ಶನ್ನು ಹಗಲೂ ರಾತ್ರಿ ಉರಿಸಿದರೆ 1,800. ಇಂಥ ಮೂರು ಬ್ಯಾಟರಿ ಒಂದೇ ದಿನಕ್ಕೆ. ಇಷ್ಟರ ಮೇಲೆ 12 ವೋಲ್ಟನ್ನು ಇನ್ವರ್ಟರಿನಲ್ಲಿ 230ಕ್ಕೆ ಏರಿಸಿ, ಚಾರ್ಜರಿನಲ್ಲಿ ಮತ್ತೆ 20ಕ್ಕೆ ಇಳಿಸುವುದು ಬೇರೆ. ಬಾವಿಯಿಂದ ನೀರು ಸೇದಿ ಅಟ್ಟಕ್ಕೆ ಹೊತ್ತು ಅಲ್ಲಿಂದ ಬಚ್ಚಲಿಗೆ ಸುರಿದ ಹಾಗೆ. ಪ್ರತಿ ಮೆಟ್ಟಿಲಲ್ಲೂ ಚೆಲ್ಲುತ್ತದೆ. 12 ವೋಲ್ಟಿನಿಂದ ನೇರ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಕೊಳ್ಳಿ ಎಂಬ ಒಂದು ಮಾತು ಇಡೀ ಪಟ್ಟಿಗಿಂತ ಹೆಚ್ಚು ಉಪಯೋಗದ್ದು. ಇ-ಇಂಕ್ ಓದುಗದ ಬ್ಯಾಟರಿ ಐದಾರು ವ್ಯಾಟ್-ಅವರ್, ಅದೂ ವಾರಗಟ್ಟಲೆ ಬರುತ್ತದೆ. ಬಿಸಿಲಿನಲ್ಲಿ ಕಾಗದದಂತೆಯೇ ಕಾಣುತ್ತದೆ.

ಅಂಗಡಿಯವನು ಹೇಳದ ಇನ್ನಷ್ಟು ಇವೆ. ಐಪಿ68 ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರು ತಾಕಿದ ಪೋರ್ಟಿಗೆ ಹಾಗೆಯೇ ಚಾರ್ಜರ್ ಚುಚ್ಚಿದರೆ ಅದು ಹಸಿರುಗಟ್ಟಿ ಸಾಯುತ್ತದೆ. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ನಕಾಶೆ ನೋಡಲು ಬೇಕಿದ್ದರೆ ಸಿಮ್ ಮಾದರಿಯೇ ಬೇಕು, ಸಿಮ್ ಹಾಕದಿದ್ದರೂ ಸರಿ. 35 ಡಿಗ್ರಿ ದಾಟಿದ ಬಿಸಿಲಿಗೆ ಒಡ್ಡಿದರೆ ಅದು ಮಂಕಾಗುತ್ತದೆ, ಆಮೇಲೆ ಮುಷ್ಕರ ಹೂಡುತ್ತದೆ. ತಿರುಗುವ ಹಾರ್ಡ್ ಡಿಸ್ಕಿಗೆ ಅಲೆಯ ಕುಲುಕಾಟ ಆಗದು, ಎಸ್‌ಎಸ್‌ಡಿ ಬೇಕು. ಟ್ಯಾಬ್ಲೆಟ್ಟಿನ ಹೊದಿಕೆಯಲ್ಲಿ, ಬ್ಲೂಟೂತ್ ಸ್ಪೀಕರಿನಲ್ಲಿ ಅಯಸ್ಕಾಂತವಿದೆ. ದಿಕ್ಸೂಚಿಯ ಪಕ್ಕ ಇಟ್ಟು ಹಾಡು ಕೇಳಿದರೆ ಮುಳ್ಳು ಅತ್ತ ಹೊರಳುತ್ತದೆ. ದಿಕ್ಕು ತಪ್ಪಿಸುವ ಹಾಡು ಎನ್ನುವುದು ಇಲ್ಲಿ ರೂಪಕವಲ್ಲ. ಸಿಡಿಲಿನ ರಾತ್ರಿ ಮಾತ್ರ ಅನೇಕ ನಾವಿಕರು ಫೋನನ್ನು ಓವನ್ನಿನಲ್ಲೋ ಪ್ರೆಶರ್ ಕುಕ್ಕರಿನಲ್ಲೋ ಹಾಕಿ ಮುಚ್ಚುತ್ತಾರೆ. ನಮ್ಮ ಕುಕ್ಕರಿಗೆ ಇಂಥ ಗೌರವ ಮನೆಯಲ್ಲೂ ಸಿಕ್ಕಿಲ್ಲ.

ಒಳ್ಳೆಯ ಯಂತ್ರ ಇದ್ದ ಮಾತ್ರಕ್ಕೆ ಕಾಣುತ್ತದೆ ಎಂದೂ ಇಲ್ಲ. 2014ರ ನವೆಂಬರಿನಲ್ಲಿ ವೋಲ್ವೋ ಓಶನ್ ರೇಸಿನ ‘ಟೀಮ್ ವೆಸ್ಟಾಸ್ ವಿಂಡ್’, ಪರಿಣತರೇ ತುಂಬಿದ್ದ ದುಬಾರಿ ದೋಣಿ, ಮಾರಿಷಸ್ಸಿನ ಈಶಾನ್ಯಕ್ಕಿರುವ ಕಾರ್ಗಾಡೊಸ್ ಕರಾಜೊಸ್ ಹವಳದಂಡೆಗೆ ರಾತ್ರಿ ಹೋಗಿ ಬಡಿಯಿತು. ವಿದ್ಯುನ್ಮಾನ ನಕಾಶೆಯನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದರೆ ಆ ದಂಡೆ ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಜನ ಬದುಕಿಕೊಂಡರು.

ಈಗ ಆ ಕೇಳದ ಪ್ರಶ್ನೆ. ನಿಮ್ಮ ಸಾಧನದಲ್ಲಿ ಇರುವುದನ್ನು, ನೆಟ್‌ವರ್ಕ್ ಇಲ್ಲದ ಕಡೆ, ಯಾರನ್ನೂ ಕೇಳದೆ ನೀವು ತೆರೆಯಬಲ್ಲಿರಾ?

ಕಳೆದ ನವೆಂಬರಿನಲ್ಲಿ ಗೆಳತಿಯ ದೋಣಿಯನ್ನು ಮುಂಬಯಿಯಿಂದ ಗೋವಾಕ್ಕೆ ಸಾಗಿಸುವಾಗ ನಾನೂ ಹೋಗಿದ್ದೆ. ಮುಗಿಸಬೇಕಾದ ಅನುವಾದವೊಂದು ಜೊತೆಗಿತ್ತು. ಎರಡನೆಯ ರಾತ್ರಿ, ರತ್ನಾಗಿರಿಯ ದೀಪಗಳು ಹಿಂದೆ ಮುಳುಗಿದ ಮೇಲೆ, ಹಣ ಕೊಟ್ಟು ಇಳಿಸಿಕೊಂಡಿದ್ದ ನಿಘಂಟು ತೆರೆದೆ. ‘ಮತ್ತೆ ಸೈನ್ ಇನ್ ಮಾಡಿ’ ಎಂದಿತು. ಎಲ್ಲಿಂದ ಮಾಡಲಿ? ಬೇಸರಕ್ಕೆ ಸಿನಿಮಾ ನೋಡೋಣವೆಂದರೆ ಡೌನ್‌ಲೋಡಿನ ಅವಧಿ ಮುಗಿದಿತ್ತು. ಬ್ಯಾಟರಿ ತುಂಬಿತ್ತು, ಪರದೆ ಸ್ವಚ್ಛವಾಗಿತ್ತು, ಯಂತ್ರ ಯಾವುದೂ ಕೆಟ್ಟಿರಲಿಲ್ಲ. ಅಪ್ಪಣೆ ಇರಲಿಲ್ಲ, ಅಷ್ಟೆ.

ಕನ್ನಡದಲ್ಲಿ ‘ಕೊಳ್ಳು’ ಎಂದರೆ ತೆಗೆದುಕೊಳ್ಳುವುದು. ಬೆಲೆ ತೆತ್ತು ತರುವುದಕ್ಕೂ ಅದೇ ಧಾತು. ಅದೇ ಮುಂದೆ ಸಹಾಯಕ ಕ್ರಿಯಾಪದವಾಗಿ ಇಟ್ಟುಕೊ, ಓದಿಕೊ, ಕಟ್ಟಿಕೊ ಆಯಿತು: ಫಲ ಮಾಡಿದವರ ಪಾಲಿಗೇ ಉಳಿಯುತ್ತದೆ ಎಂಬ ಅರ್ಥ. ಆ್ಯಪುಗಳಲ್ಲಿರುವ ‘ಖರೀದಿಸಿ’ ಗುಂಡಿಯಿಂದ ಈ ಯಾವ ‘ಕೊ’ಗೂ ಹಕ್ಕು ಬರುವುದಿಲ್ಲ. ಅದು ಪರವಾನಗಿ. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ ಮೂಲಕ ಸಾಗಿಸುವ ದಾರಿಯನ್ನೂ ಮುಚ್ಚಿತು.

ಕನ್ನಡಿಗರಿಗೆ ಆ ಜಗಳವಾಡುವ ಭಾಗ್ಯವೂ ಇಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಹೊರಗುಳಿಯಿತು. ನಮ್ಮ ಇ-ಪುಸ್ತಕಗಳು ಬಹುಮಟ್ಟಿಗೆ ನಮ್ಮವೇ ಆ್ಯಪುಗಳ ಒಳಗಿವೆ, ಹೊಳೆಯುವ ಫೋನಿನ ಪರದೆಯಲ್ಲಿ. ಆ ಆ್ಯಪುಗಳನ್ನು ಕಟ್ಟಿದವರ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಆದರೂ ಇಪಬ್ ಫೈಲನ್ನೇ ಮಾರಿ ಎಂದು ಕೇಳುತ್ತೇನೆ. ಕೊಟ್ಟರೆ ಓದಲು ದಾರಿಯಿದೆ: ಕೋರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿದ ಇ-ಇಂಕ್ ಸಾಧನದಲ್ಲಿ ಒಂದು ಕನ್ನಡ ಫಾಂಟ್ ಸೇರಿಸಿದರೆ ಒತ್ತಕ್ಷರಗಳು ನೆಟ್ಟಗೆ ಕೂರುತ್ತವೆ. ಕೊಟ್ಟವರೂ ಇದ್ದಾರೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿ ಇಡಿಯಾಗಿ ಇಳಿಸಿಕೊಳ್ಳಲು ಸಿಗುತ್ತದೆ. ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಮೂಲಕ ಪೂರ್ತಿ ಜೇಬಿಗೆ ಹಾಕಿಕೊಳ್ಳಬಹುದು. ಇವು ರತ್ನಾಗಿರಿಯಾಚೆಗೂ ಸೈನ್ ಇನ್ ಕೇಳುವುದಿಲ್ಲ.

ಕಳ್ಳತನ ಆಗುತ್ತದಲ್ಲ ಎನ್ನುತ್ತಾರೆ. ಆಗುತ್ತಲೇ ಇದೆ, ಸ್ಕ್ಯಾನ್ ಮಾಡಿದ ಪಿಡಿಎಫ್ ಪ್ರತಿ ವಾಟ್ಸ್ಆ್ಯಪ್ ಗುಂಪಿನಲ್ಲೂ ಓಡಾಡುತ್ತಿದೆ. ಬೀಗ ಬಿದ್ದಿರುವುದು ದುಡ್ಡು ಕೊಟ್ಟವನಿಗೆ. ಹಾಯಿದೋಣಿಯಲ್ಲಿ ಎಷ್ಟು ಜನ ಕನ್ನಡಿಗರಿದ್ದಾರೆ ಎಂದೂ ಕೇಳುತ್ತಾರೆ. ಬೆರಳೆಣಿಕೆ ಇರಬಹುದು. ಆದರೆ ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ವಾರ, ಹತ್ತು ದಿನ ದಡ ಕಾಣುವುದಿಲ್ಲ. ಸರಕು ಹಡಗುಗಳಲ್ಲಿ ನಮ್ಮ ಹುಡುಗರಿದ್ದಾರೆ. ಮುಂಬಯಿಯಿಂದ ಊರಿಗೆ ಹೋಗುವ ನೀವು ಕೊಂಕಣ ರೈಲ್ವೆಯ ಸುರಂಗಗಳಲ್ಲಿ ಗಿರಗಿರ ತಿರುಗುವ ಚಕ್ರ ನೋಡುತ್ತ ಕೂತವರೇ. ಬೋಟಿನ ಹುಡುಗರು ಮೆಮೊರಿ ಕಾರ್ಡಿಗೆ ತುಂಬಿಕೊಂಡು ಹೋಗುತ್ತಾರೆ. ನಮ್ಮೆಲ್ಲರಿಗಿಂತ ಜಾಣರು.

ಮುಂದಿನ ಪಯಣ ಕೊಚ್ಚಿಗೆ. ಹೋದ ತಿಂಗಳು ಒಬ್ಬ ಪ್ರಕಾಶಕರಿಗೆ ಫೋನ್ ಮಾಡಿ, ಮೂರು ಕಾದಂಬರಿಗಳ ಫೈಲು ಮಾರುತ್ತೀರಾ, ಅಚ್ಚಿನ ಬೆಲೆಯನ್ನೇ ಕೊಡುತ್ತೇನೆ ಎಂದೆ. “ಫೈಲೆಲ್ಲ ಕೊಡೋಕಾಗಲ್ಲ ಮೇಡಂ, ಆ್ಯಪಲ್ಲೇ ಓದ್ಕೊಳ್ಳಿ. ಇಲ್ಲಾಂದ್ರೆ ಪುಸ್ತಕಾನೇ ಕಳಿಸ್ಲಾ?” ಎಂದರು. ಪುಸ್ತಕಗಳು ಬಂದಿವೆ. ಒಟ್ಟು ಒಂದೂವರೆ ಕಿಲೋ, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬದ ಪಕ್ಕ ಇಟ್ಟಿದ್ದೇನೆ.