ಧ್ವಜದ ಗೌರವ, ಮಾತಿನ ಸ್ವಾತಂತ್ರ್ಯ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮ ಮಕ್ಕಳು ಪ್ರತಿ ಆಗಸ್ಟ್ 15ರಂದು ತ್ರಿವರ್ಣ ಧ್ವಜಕ್ಕೆ ವಂದಿಸುತ್ತಾರೆ. ಆದರೂ ಅವರ ದೇಶನಿಷ್ಠೆಗೆ ಪುರಾವೆ ಕೇಳುವವರಿದ್ದಾರೆ.

ಸಾರ್ವಜನಿಕವಾಗಿ ಧ್ವಜವನ್ನು ಸುಟ್ಟವರಿಗೆ, ಹರಿದವರಿಗೆ, ಮಾತಿನಿಂದ ಅವಮಾನಿಸಿದವರಿಗೂ 1971ರ ಕಾಯ್ದೆಯು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಲ್ಲದು. ಧ್ವಜ ಸುಡುವುದನ್ನು ನಾನು ಸಮರ್ಥಿಸಲಾರೆ. ಆದರೆ ಮಾತನ್ನು ಬೆಂಕಿಯೊಂದಿಗೆ ಸಮೀಕರಿಸುವುದು ಅಪಾಯಕಾರಿ. ಕಾನೂನುಬದ್ಧ ಬದಲಾವಣೆ ಬಯಸಿ ಮಾಡುವ ಟೀಕೆ ಅಪರಾಧವಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ. ದೂರು ಹಿಡಿದು ಓಡುವವರು ಆ ವಿವರಣೆಯನ್ನು ಓದುವುದಿಲ್ಲ.

ಗೌರವದಿಂದ ಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಪಿತ್ತಿತು. ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದುನಿಂತ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲೇ ಹೇಳಿತ್ತು. ಅಂದರೆ ಮಾತಿಗೂ ಮೌನಕ್ಕೂ ಸಂವಿಧಾನದ ರಕ್ಷಣೆಯಿದೆ.

ಹುಬ್ಬಳ್ಳಿಯನ್ನು ನೆನೆಯಿರಿ. ಅಲ್ಲಿನ ಬೆಂಗೇರಿಯಲ್ಲಿ ಮಹಿಳೆಯರು ಶ್ರದ್ಧೆಯಿಂದ ಖಾದಿ ಧ್ವಜ ಹೊಲಿಯುತ್ತಾರೆ. ಅದೇ ಊರಿನ ಈದ್ಗಾ ಮೈದಾನದ ಧ್ವಜಾರೋಹಣ ವಿವಾದದಲ್ಲಿ 1994ರ ಆಗಸ್ಟ್ 15ರಂದು ಗೋಲಿಬಾರ್ ನಡೆದು ಜೀವಗಳು ಹೋದವು. ಧ್ವಜಕ್ಕೆ ಯಾವುದು ಗೌರವ? ಆ ಹೊಲಿಗೆಯೋ, ಅದನ್ನು ಹಟದ ಆಯುಧವಾಗಿಸಿದ ರಾಜಕಾರಣವೋ?

ಕರ್ಮಗಳ ಬೆಲೆ ನಿಯ್ಯತ್ತಿನಲ್ಲಿದೆ ಎಂಬುದು ಮದರಸದಲ್ಲಿ ನಾವು ಕಲಿಸುವ ಮೊದಲ ಪಾಠ. ಸೆರೆಮನೆಯ ಭಯದಿಂದ ಎತ್ತಿದ ಕೈಯಲ್ಲಿ ವಂದನೆಯ ನಿಯ್ಯತ್ತು ಎಲ್ಲಿಂದ ಬರಬೇಕು? ಆದ್ದರಿಂದ ಪೋಷಕರೇ, ಮಕ್ಕಳಿಗೆ ಧ್ವಜವನ್ನು ಪ್ರೀತಿಸಲು ಕಲಿಸಿ. ಅದರ ನೆರಳಿನಲ್ಲಿ ನಿಂತು ಸರ್ಕಾರವನ್ನು ಪ್ರಶ್ನಿಸುವ ಹಕ್ಕನ್ನೂ ಕಲಿಸಿ. ಎರಡೂ ಒಂದೇ ಸಂವಿಧಾನದ ಕೊಡುಗೆ.